ಬಿಳಿಗಲ್ಲಿನ ಲೆಕ್ಕ: ಲೀಥಿಯಂ ಶೋಧನೆಯ ಕಥೆ

ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಹಂಪೆಯ ವೈಭವವನ್ನೋ ಹೊಯ್ಸಳರ ಶಿಲ್ಪವನ್ನೋ ಕುರಿತು ಬರೆಯುವುದು ನಮ್ಮಲ್ಲಿ ವಾಡಿಕೆ. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಹಿಂದಿನ ಸಂಚಿಕೆಗಳಲ್ಲಿ ಬರೆದಿದ್ದಾರೆ. ನಾನು ಹೈದರಾಬಾದಿನ ಬ್ಯಾಂಕೊಂದರಲ್ಲಿ ಗುಮಾಸ್ತ; ಓದಿದ್ದು ಬಿ.ಕಾಂ. ಆದುದರಿಂದ ಕಲ್ಲನ್ನು ಕೆತ್ತಿದವರ ಮಾತನ್ನು ಬಲ್ಲವರಿಗೇ ಬಿಟ್ಟು, ಈ ಸಲ ಕೆತ್ತದ ಕಲ್ಲಿನ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಇದಕ್ಕೆ ಕಾರಣವೂ ಉಂಟು. ಆ ಕಲ್ಲಿನ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಲೆಕ್ಕ ಮಾಡಿದ್ದೇನೆ. ಅದರ ಬಡ್ಡಿಯನ್ನು ಬೇರೊಬ್ಬರು ತೆತ್ತಿದ್ದಾರೆ.

2020ರ ಫೆಬ್ರವರಿ ತಿಂಗಳು. ಒಂದು ರಾತ್ರಿ ಊರಿನಿಂದ ಚಿಕ್ಕಪ್ಪನ ಫೋನು ಬಂದಿತು. ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಸಣ್ಣ ಹಳ್ಳಿ.

“ಏನಪ್ಪಾ, ಪೇಪರ್ ನೋಡ್ದಾ? ನಮ್ಮ ಮರಳಗಾಲ, ಅಲ್ಲಾಪಟ್ಟಣದ ತಾವ ಅದ್ಯಾವುದೋ ಬಿಳೀ ಚಿನ್ನ ಸಿಕ್ಕದಂತೆ. ಆ ಮೂವತ್ತು ಗುಂಟೆ ಈಗ ಕೊಡದಾ, ಬ್ಯಾಡ್ವಾ? ಎಲ್ರೂ ತಡಿ ಅಂತಾವ್ರೆ. ಓದ್ದೋನು, ನೀನು ಏನಂತೀಯ?”

ಮಗಳ ಮದುವೆಗೆಂದು ಅವರು 3 ಲಕ್ಷ ರೂಪಾಯಿ ಕೈಸಾಲ ಮಾಡಿದ್ದರು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಅದನ್ನು ತೀರಿಸಲು ಮೂವತ್ತು ಗುಂಟೆ ಖುಷ್ಕಿಯನ್ನು ಮಾರುವ ಮಾತು ಮುಗಿದು, ಮುಂಗಡವೊಂದೇ ಬಾಕಿ ಇತ್ತು. ನಾನು ಪತ್ರಿಕೆಯಲ್ಲಿದ್ದ ಅಂಕಿಯನ್ನು ನೋಡಿದೆ, ಗುಣಿಸಿದೆ, ಭಾಗಿಸಿದೆ. ಕೊನೆಗೆ ಬಹಳ ತಿಳಿದವನಂತೆ, “ಸ್ವಲ್ಪ ತಡೀರಿ ಚಿಕ್ಕಪ್ಪ, ಅವಸರ ಬೇಡ” ಎಂದೆ. ಆ ಲೆಕ್ಕ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ಬಿಳಿ ಚಿನ್ನದ ಪೂರ್ವಕಥೆಯನ್ನು ವಾಚಕರು ಕೇಳಬೇಕು. ಅಂದು ಈ ಕಥೆ ನನಗೆ ಗೊತ್ತಿದ್ದರೆ ಆ ಮಾತನ್ನು ನಾನು ಆಡುತ್ತಿರಲಿಲ್ಲ.

ತಾಳೆಯಾಗದ ಲೆಕ್ಕದಿಂದ ಹುಟ್ಟಿದ ಧಾತು

ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿಗೆ ಅನತಿದೂರದಲ್ಲಿ ಊಟೋ ಎಂಬ ದ್ವೀಪವಿದೆ. ಹಿಂದೆ ಅಲ್ಲಿ ಕಬ್ಬಿಣದ ಗಣಿಗಳಿದ್ದವು. ಬ್ರೆಜಿಲ್ ದೇಶದವನಾದ ಜೋಸೆ ಬೊನಿಫಾಸಿಯೋ ದೆ ಆಂದ್ರಾದಾ ಎಂಬ ವಿದ್ವಾಂಸನು ಯೂರೋಪಿನ ಗಣಿಗಳನ್ನು ಸುತ್ತಿ, ಅಲ್ಲಿಂದ ಬಂದ ಪೆಟಲೈಟ್ ಮತ್ತು ಸ್ಪೊಡುಮೀನ್ ಎಂಬ ಎರಡು ಹೊಸ ಖನಿಜಗಳನ್ನು 1800ರಲ್ಲಿ ಲೋಕಕ್ಕೆ ಪರಿಚಯ ಮಾಡಿಕೊಟ್ಟನು. ಈತನೇ ಮುಂದೆ ತಾಯ್ನಾಡಿಗೆ ಮರಳಿ, 1822ರಲ್ಲಿ ಬ್ರೆಜಿಲ್ ಸ್ವತಂತ್ರವಾದಾಗ ಅದರ ಮುಖ್ಯ ಶಿಲ್ಪಿಗಳಲ್ಲಿ ಒಬ್ಬನಾದನು.

ಆ ಪೆಟಲೈಟಿನೊಳಗೆ ಏನಿದೆಯೆಂಬುದು ತಿಳಿಯಲು ಮತ್ತೆ 17 ವರ್ಷ ಬೇಕಾಯಿತು. 1817ರಲ್ಲಿ ಬರ್ಜೀಲಿಯಸ್ ಎಂಬ ಪ್ರಖ್ಯಾತ ರಸಾಯನ ಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಆರ್ಫ್‌ವೆಡ್ಸನ್ ಎಂಬ 25 ವರ್ಷದ ತರುಣನು ಅದನ್ನು ಒಡೆದು, ಕರಗಿಸಿ, ಒಂದೊಂದು ಭಾಗವನ್ನೂ ತೂಗಿ ಬರೆದಿಟ್ಟನು. ಎಷ್ಟು ಸಲ ಮಾಡಿದರೂ ಭಾಗಗಳ ಮೊತ್ತ ಇಡಿಯ ಕಲ್ಲಿನ ತೂಕದೊಡನೆ ತಾಳೆಯಾಗಲಿಲ್ಲ. ನಮ್ಮ ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿಲ್ಲ; ಎಲ್ಲಿಯೋ ಒಂದು ಕಲಂ ಬಿಟ್ಟುಹೋಗಿದೆ ಎಂದೇ ಅರ್ಥ. ಆ ತರುಣನೂ ಮನೆಗೆ ಹೋಗಲಿಲ್ಲವೆಂದು ಕಾಣುತ್ತದೆ! ಬಿಟ್ಟುಹೋದ ಕಲಂ ಯಾವುದೆಂದು ಹುಡುಕಿದಾಗ, ಅದುವರೆಗೆ ಯಾರೂ ಕಾಣದ ಒಂದು ಕ್ಷಾರ ಸಿಕ್ಕಿತು. ಗಿಡದ ಬೂದಿಯಲ್ಲಿ ಪೊಟಾಸಿಯಂ ಕ್ಷಾರ ಇರುವಂತೆ ಇದು ಕಲ್ಲಿನೊಳಗೆ ಇದ್ದುದರಿಂದ, ಗ್ರೀಕ್ ಭಾಷೆಯಲ್ಲಿ ಕಲ್ಲು ಎಂಬರ್ಥದ ‘ಲಿಥೋಸ್’ ಪದದಿಂದ ಅದಕ್ಕೆ ಹೆಸರಾಯಿತು. ಅದೇ ಲೀಥಿಯಂ. ಮರುವರ್ಷ, ಎಂದರೆ 1818ರಲ್ಲಿ, ಇದರ ಲವಣಗಳನ್ನು ಬೆಂಕಿಗೆ ಹಿಡಿದರೆ ಜ್ವಾಲೆ ಕುಂಕುಮದಂತೆ ಕೆಂಪಾಗುವುದನ್ನು ಗ್ಮೆಲಿನ್ ಎಂಬಾತನು ಕಂಡನು. 1821ರಲ್ಲಿ ಬ್ರಾಂಡೆ ಎಂಬ ಇಂಗ್ಲಿಷ್ ವಿಜ್ಞಾನಿಯು ವಿದ್ಯುತ್ತಿನ ಸಹಾಯದಿಂದ ಲೋಹವನ್ನು ಚೂರಷ್ಟು ಬೇರ್ಪಡಿಸಿದನು. 1855ರಲ್ಲಿ ಬುನ್ಸೆನ್ ಮತ್ತು ಮ್ಯಾಥಿಸೆನ್ ಎಂಬವರು ಕೈಯಲ್ಲಿ ಹಿಡಿಯುವಷ್ಟು ತಯಾರಿಸಿದರು. ಲೋಹಗಳಲ್ಲೆಲ್ಲ ಇದೇ ಹಗುರ. ಎಣ್ಣೆಯ ಮೇಲೆ ತೇಲುವಷ್ಟು ಹಗುರ.

ಪೆಗ್ಮಟೈಟ್ ಎಂಬ ಕಲ್ಲು

ಲೀಥಿಯಂ ಎರಡು ಮುಖ್ಯ ಬಗೆಗಳಲ್ಲಿ ದೊರೆಯುವುದು. ದಕ್ಷಿಣ ಅಮೆರಿಕದ ಎತ್ತರದ ಉಪ್ಪುನೆಲಗಳಲ್ಲಿ ಉಪ್ಪುನೀರಿನೊಡನೆ ಬೆರೆತು ದೊರೆಯುವುದು ಒಂದು ಬಗೆ. ಗಟ್ಟಿ ಕಲ್ಲಿನೊಳಗೆ ದೊರೆಯುವುದು ಇನ್ನೊಂದು. ಆ ಕಲ್ಲಿಗೆ ಪೆಗ್ಮಟೈಟ್ ಎಂದು ಹೆಸರು.

ಇದು ಹುಟ್ಟುವ ಬಗೆಯನ್ನು ತಿಳಿಯಲು ನಮ್ಮ ಮಂಡ್ಯ ಸೀಮೆಯವರು ದೂರ ಹೋಗಬೇಕಾಗಿಲ್ಲ. ಸಕ್ಕರೆ ಕಾರ್ಖಾನೆಯನ್ನು ನೆನೆದರೆ ಸಾಕು. ಕಬ್ಬಿನ ಹಾಲನ್ನು ಕಾಯಿಸಿ ಆರಿಸುತ್ತ ಹೋದರೆ ಸಕ್ಕರೆ ಹರಳುಗಟ್ಟುತ್ತದೆ. ಹರಳಾಗಲು ಒಲ್ಲದ ಪದಾರ್ಥವೆಲ್ಲ ಕೊನೆಗೆ ಕಾಕಂಬಿಯಲ್ಲಿ ಉಳಿಯುತ್ತದೆ. ಭೂಮಿಯ ಆಳದಲ್ಲಿ ಕರಗಿದ ಕಲ್ಲು ಆರುವಾಗಲೂ ಹೀಗೆಯೇ. ಮೊದಲು ಸಾಧಾರಣ ಖನಿಜಗಳು ಹರಳುಗಟ್ಟಿ ಗ್ರಾನೈಟ್ ಆಗುತ್ತದೆ. ಆ ಹರಳುಗಳೊಳಗೆ ಹೊಂದಿಕೊಳ್ಳದ ಲೀಥಿಯಂ, ಬೆರಿಲಿಯಂ, ಟ್ಯಾಂಟಲಂ ಮೊದಲಾದ ಧಾತುಗಳು ಕೊನೆಗೆ ಉಳಿದ ರಸದಲ್ಲಿ ಸೇರಿಕೊಳ್ಳುತ್ತವೆ. ನೀರಿನ ಅಂಶ ಹೆಚ್ಚಾಗಿ ತೆಳುವಾದ ಆ ರಸ ಸುತ್ತಲಿನ ಬಂಡೆಗಳ ಬಿರುಕುಗಳಿಗೆ ನುಗ್ಗಿ ಆರಿದಾಗ ದಪ್ಪ ದಪ್ಪ ಹರಳುಗಳ ಬಿಳಿಗಲ್ಲಾಗುತ್ತದೆ. ಅದೇ ಪೆಗ್ಮಟೈಟ್. ಅದರಲ್ಲಿ ಬಹುಪಾಲು ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಮತ್ತು ನಾವು ಚಿಕ್ಕಂದಿನಲ್ಲಿ ಹೊಲದ ಬದುವಿನ ಮೇಲೆ ಹೆಕ್ಕಿ ಜೇಬಿಗೆ ತುಂಬಿಕೊಳ್ಳುತ್ತಿದ್ದ ಕಾಗೆಬಂಗಾರ.

ಎಲ್ಲ ಪೆಗ್ಮಟೈಟಿನಲ್ಲೂ ಲೀಥಿಯಂ ಇರುವುದೆಂದು ತಿಳಿಯಬಾರದು. ನೂರು ಕಡೆ ಬಿಳಿಗಲ್ಲು ಕಂಡರೆ ತೊಂಬತ್ತಕ್ಕೂ ಹೆಚ್ಚು ಕಡೆ ಬರಿಯ ಬೆಣಚು, ಫೆಲ್ಡ್‌ಸ್ಪಾರುಗಳೇ. ಕೆಲವು ಪೆಗ್ಮಟೈಟುಗಳಲ್ಲಿ ಮಾತ್ರ ಸ್ಪೊಡುಮೀನ್ ಎಂಬ ಉದ್ದ ಹರಳಿನ ಖನಿಜವೋ, ಲೆಪಿಡೋಲೈಟ್ ಎಂಬ ನೇರಿಳೆ ಛಾಯೆಯ ಅಭ್ರಕವೋ ಇರುವುದು. ಶುದ್ಧ ಸ್ಪೊಡುಮೀನಿನಲ್ಲಿಯೂ ಲೀಥಿಯಂ ಆಕ್ಸೈಡಿನ ಪಾಲು ನೂರಕ್ಕೆ 8 ಮಾತ್ರ. ಆಕ್ಸೈಡಿನಲ್ಲಿ ಲೋಹದ ಪಾಲು ಅರ್ಧಕ್ಕೂ ಕಡಮೆ.

ಹೊರನಾಡುಗಳ ಗಣಿಗಳು

ಅಮೆರಿಕದ ದಕ್ಷಿಣ ಡಕೋಟದಲ್ಲಿ ಎಟ್ಟಾ ಎಂಬ ಗಣಿ ಇತ್ತು. ಅಲ್ಲಿ ಮೊದಲು ಅಗೆದದ್ದು ಅಭ್ರಕ ಮತ್ತು ತವರಕ್ಕಾಗಿ. ಅಗೆಯುತ್ತ ಹೋದಂತೆ ಮರದ ದಿಮ್ಮಿಗಳನ್ನು ಒಟ್ಟಿದಂತೆ ಬಿದ್ದಿದ್ದ ಸ್ಪೊಡುಮೀನ್ ಹರಳುಗಳು ಕಂಡವು. ಅವುಗಳಲ್ಲಿ ಒಂದು 40 ಅಡಿಗೂ ಮಿಕ್ಕಿದ ಉದ್ದವಿತ್ತು. ಆಸ್ಟ್ರೇಲಿಯದ ಗ್ರೀನ್‌ಬುಷಸ್ ಗಣಿಯ ಕಥೆಯೂ ಹೀಗೆಯೇ. 1888ರಿಂದ ಅಲ್ಲಿ ತವರ ತೆಗೆದರು. ಆಮೇಲೆ ಟ್ಯಾಂಟಲಂ ತೆಗೆದರು. ಲೀಥಿಯಂ ಅದಿರನ್ನು ತೆಗೆಯತೊಡಗಿದ್ದು 1983ರಲ್ಲಿ. ಸುಮಾರು 100 ವರ್ಷ ಜನ ಆ ಕಲ್ಲಿನ ಮೇಲೆಯೇ ನಡೆದಾಡಿದರು. ಈಗ ಅದು ಗಟ್ಟಿಕಲ್ಲಿನ ಲೀಥಿಯಂ ಗಣಿಗಳಲ್ಲೆಲ್ಲ ಅಗ್ರಗಣ್ಯವಾಗಿದೆ. ಕಲ್ಲು ಅಂದಿಗೂ ಇಂದಿಗೂ ಒಂದೇ. ಬದಲಾದದ್ದು ಮನುಷ್ಯನ ಅಗತ್ಯ.

ಲೀಥಿಯಂ ಬಹುಕಾಲ ಗಾಜಿಗೆ, ಪಿಂಗಾಣಿಗೆ, ಯಂತ್ರಗಳ ಗ್ರೀಸಿಗೆ, ಸ್ವಲ್ಪಮಟ್ಟಿಗೆ ಔಷಧಕ್ಕೆ ಉಪಯೋಗವಾಗುತ್ತಿತ್ತು. 1950ರ ದಶಕದಲ್ಲಿ ಜಲಜನಕ ಬಾಂಬಿಗೆ ಇದು ಬೇಕಾದಾಗ, ದೊಡ್ಡ ರಾಷ್ಟ್ರಗಳು ಇದರ ಬೆನ್ನು ಹತ್ತಿದವು. ಆಗ ನಡೆದ ಒಂದು ತಪ್ಪು ಲೆಕ್ಕವನ್ನು ಇಲ್ಲಿ ನೆನೆಯಲೇಬೇಕು. 1954ರ ಮಾರ್ಚ್ 1ರಂದು ಅಮೆರಿಕದವರು ಶಾಂತಸಾಗರದ ಬಿಕಿನಿ ದ್ವೀಪದಲ್ಲಿ ಒಂದು ಬಾಂಬನ್ನು ಸಿಡಿಸಿದರು. ಲೀಥಿಯಂನಲ್ಲಿರುವ ಎರಡು ಬಗೆಯ ಪರಮಾಣುಗಳಲ್ಲಿ ಒಂದು ಮಾತ್ರ ಉರಿಯುವುದೆಂದೂ ಇನ್ನೊಂದು ಸುಮ್ಮನಿರುವುದೆಂದೂ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಸುಮ್ಮನಿರಬೇಕಾಗಿದ್ದುದೂ ಕೆಲಸಮಾಡಿತು. ಸುಮಾರು 6 ಮೆಗಾಟನ್ ಎಂದು ಅಂದಾಜು ಮಾಡಿದ್ದ ಸ್ಫೋಟ 15 ಮೆಗಾಟನ್ ಆಯಿತು. ಅಪಾಯದ ಗಡಿಯ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ ಮೇಲೆ ವಿಷದ ಬೂದಿ ಸುರಿದು, ಅದರಲ್ಲಿದ್ದ 23 ಮಂದಿ ಬೆಸ್ತರೂ ಕಾಯಿಲೆ ಬಿದ್ದರು. ಲೆಕ್ಕ ಮಾಡಿದವರು ಒಬ್ಬರು, ಅದರ ಫಲವನ್ನುಂಡವರು ಮತ್ತೊಬ್ಬರು.

ಇಂದು ಲೀಥಿಯಂಗೆ ಬಂದಿರುವ ಬೆಲೆ ಬಾಂಬಿನಿಂದ ಬಂದುದಲ್ಲ, ಬ್ಯಾಟರಿಯಿಂದ. ವಿಟಿಂಗ್‌ಹ್ಯಾಮ್, ಗುಡ್‌ಎನಫ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳ ದುಡಿಮೆಯ ಫಲವಾಗಿ, 1991ರಲ್ಲಿ ಜಪಾನಿನ ಸೋನಿ ಕಂಪನಿಯವರು ಲೀಥಿಯಂ ಅಯಾನ್ ಬ್ಯಾಟರಿಯನ್ನು ಪೇಟೆಗೆ ತಂದರು. ಆ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಈಗ ನಮ್ಮ ಕೈಯಲ್ಲಿರುವ ಫೋನು, ಮಕ್ಕಳ ಲ್ಯಾಪ್‌ಟಾಪು, ಬೀದಿಯಲ್ಲಿ ಸದ್ದಿಲ್ಲದೆ ಓಡುವ ಸ್ಕೂಟರು, ಎಲ್ಲದರಲ್ಲಿಯೂ ಅದೇ. ಒಂದು ವಿದ್ಯುತ್ ಕಾರಿನ ಬ್ಯಾಟರಿಗೆ ಸುಮಾರು 8 ಕಿಲೋ ಲೀಥಿಯಂ ಬೇಕೆಂದು ಲೆಕ್ಕ.

ನಮ್ಮ ನಾಡಿನ ಶೋಧಕರು

ಕಲ್ಲನ್ನು ಓದುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ ಭೂವಿಜ್ಞಾನ ಇಲಾಖೆ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಾಧಿಕಾರಿ ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ದೇಶದ ಬಂಡೆಗಳನ್ನು ಕಾಲ್ನಡೆಯಲ್ಲಿಯೂ ಕುದುರೆಯ ಮೇಲೆಯೂ ಸುತ್ತಿ ಪರೀಕ್ಷಿಸಿದ ಈ ಮಹಾಶಯನೇ ನಮ್ಮ ಪುರಾತನ ಶಿಲೆಗಳ ಒಂದು ವರ್ಗಕ್ಕೆ ಧಾರವಾಡದ ಹೆಸರಿಟ್ಟನು. ಇಂದಿಗೂ ಲೋಕದ ಭೂವಿಜ್ಞಾನಿಗಳೆಲ್ಲ ಆ ಕನ್ನಡ ಊರಿನ ಹೆಸರನ್ನು ಹೇಳಿಯೇ ಈ ಕಲ್ಲುಗಳ ಮಾತನಾಡುತ್ತಾರೆ. ಕೋಲಾರದ ಚಿನ್ನವೂ ಅಂಥ ಪುರಾತನ ಶಿಲೆಗಳ ನಡುವೆಯೇ ದೊರೆತದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಕಾಲಿಟ್ಟರು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಅದೇ 1880ರ ಸುಮಾರಿಗೆ, ನಮ್ಮ ನೆರೆಯ ವಯನಾಡಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಹಬ್ಬಿ, ಲಂಡನ್ನಿನ ಜನ ಕಂಪನಿಗಳ ಷೇರುಗಳನ್ನು ಮುಗಿಬಿದ್ದು ಕೊಂಡರು. ಕೆಲವೇ ವರ್ಷಗಳಲ್ಲಿ ಆ ಕಂಪನಿಗಳು ಮುಳುಗಿದವು. ಕೋಲಾರ ನಿಂತಿತು, ವಯನಾಡು ಮುಳುಗಿತು. ಸುದ್ದಿ ಮಾತ್ರ ಎರಡು ಕಡೆಯೂ ಒಂದೇ ಬಗೆಯಾಗಿ ಹೊಳೆದಿತ್ತು.

ಸ್ವಾತಂತ್ರ್ಯ ಬಂದಮೇಲೆ, 1949ರಲ್ಲಿ, ಅಣುಶಕ್ತಿಗೆ ಬೇಕಾದ ಖನಿಜಗಳನ್ನು ಹುಡುಕಲು ಭಾರತ ಸರ್ಕಾರ ವಿರಳ ಖನಿಜಗಳ ಸರ್ವೇಕ್ಷಣ ಘಟಕವನ್ನು ಸ್ಥಾಪಿಸಿತು. ಪ್ರಸಿದ್ಧ ಭೂವಿಜ್ಞಾನಿ ಡಿ. ಎನ್. ವಾಡಿಯಾ ಅದರ ಮುಂದಾಳಾದರು. ಅದೇ ಬೆಳೆದು ಇಂದು ಪರಮಾಣು ಖನಿಜಗಳ ಅನ್ವೇಷಣೆ ಮತ್ತು ಸಂಶೋಧನಾ ನಿರ್ದೇಶನಾಲಯವಾಗಿದೆ. ಅದರ ಕೇಂದ್ರ ಕಚೇರಿ ನಮ್ಮ ಹೈದರಾಬಾದಿನ ಬೇಗಂಪೇಟೆಯಲ್ಲಿಯೇ ಇದೆ. ಆ ರಸ್ತೆಯಲ್ಲಿ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ನಮ್ಮೂರ ಹೊಲಗಳ ಕಲ್ಲನ್ನು ಹೆಸರಿಡಿದು ಬಲ್ಲ ಕಚೇರಿ ನಾನು ಅನ್ನ ಹುಡುಕಿಕೊಂಡು ಬಂದ ಊರಿನಲ್ಲಿಯೇ ಇದೆಯೆಂಬುದು ಬಹುಕಾಲ ನನಗೆ ತಿಳಿದಿರಲಿಲ್ಲ.

ಬಿಹಾರದ ಹಜಾರಿಬಾಗ್ ಕಡೆ, ಈಗಿನ ಝಾರ್ಖಂಡದಲ್ಲಿ, ಅಭ್ರಕದ ಪೆಗ್ಮಟೈಟುಗಳಿರುವುದೂ, ಬಸ್ತರ್ ಸೀಮೆಯಲ್ಲಿ ತವರದ ಜೊತೆಗೆ ಲೆಪಿಡೋಲೈಟ್ ಇರುವುದೂ ಭೂವಿಜ್ಞಾನಿಗಳಿಗೆ ಹಿಂದಿನಿಂದ ಗೊತ್ತು. ದಕ್ಷಿಣ ಕರ್ನಾಟಕದಲ್ಲಿ ಇಂಥ ವಿರಳ ಲೋಹಗಳ ಪೆಗ್ಮಟೈಟುಗಳಿರುವುದನ್ನು ಈ ನಿರ್ದೇಶನಾಲಯದ ವಿಜ್ಞಾನಿಗಳು 1980ರ ದಶಕದಲ್ಲಿಯೇ ಬರೆದಿಟ್ಟಿದ್ದರು. ಮರಳಗಾಲ, ಅಲ್ಲಾಪಟ್ಟಣಗಳು ನಾಗಮಂಗಲದ ಹೆಸರಿನ ಪುರಾತನ ಪದರಶಿಲೆಗಳ ಪಟ್ಟಿಯಲ್ಲಿವೆ. ಆದುದರಿಂದ 2020ರಲ್ಲಿ ಒಂದು ರಾತ್ರಿಯಲ್ಲಿ ಸಿಕ್ಕಿತೆಂಬುದು ಪತ್ರಿಕೆಯ ಮಾತೇ ಹೊರತು, ಕಲ್ಲಿನ ಮಾತಲ್ಲ.

ಹುಡುಕುವ ಕ್ರಮ

ಈ ಶೋಧನೆ ನಡೆಯುವ ಬಗೆ ಕುತೂಹಲಕರವಾಗಿದೆ. ಮೊದಲು ಭೂವಿಜ್ಞಾನಿಯು ಸುತ್ತಿಗೆ, ನಕ್ಷೆ, ಚೀಲಗಳನ್ನು ಹೊತ್ತು ಹೊಲ, ಗುಡ್ಡ, ಹಳ್ಳಗಳಲ್ಲಿ ನಡೆಯಬೇಕು. ತಾಯಿ ಗ್ರಾನೈಟ್ ಎಲ್ಲಿದೆಯೆಂದು ಗುರುತಿಸಬೇಕು. ಅದರ ಹತ್ತಿರದ ಪೆಗ್ಮಟೈಟುಗಳು ಬಹುಮಟ್ಟಿಗೆ ಬಂಜೆ. ಕೊಂಚ ದೂರದವುಗಳಲ್ಲಿ ಬೆರಿಲ್ ಸಿಗುವುದು. ಇನ್ನೂ ಆಚೆಗೆ ಹೋದವುಗಳಲ್ಲಿ ಲೀಥಿಯಂ ಇರುವ ಸಂಭವ ಹೆಚ್ಚು. ದೂರ ಹೋದಂತೆಲ್ಲ ಕೊನೆಯ ರಸ ಹೆಚ್ಚು ಹೆಚ್ಚು ಸಾರವತ್ತಾಗುವುದೇ ಇದಕ್ಕೆ ಕಾರಣ. ಕಾಗೆಬಂಗಾರವನ್ನೂ ಫೆಲ್ಡ್‌ಸ್ಪಾರನ್ನೂ ಪರೀಕ್ಷಿಸಿ, ಅದರಲ್ಲಿ ಪೊಟಾಸಿಯಂ ಎಷ್ಟು, ರುಬಿಡಿಯಂ ಎಷ್ಟು ಎಂದು ನೋಡುವರು. ಪೊಟಾಸಿಯಂಗೆ ಹೋಲಿಸಿದರೆ ರುಬಿಡಿಯಂ ಏರುತ್ತ ಬಂದರೆ ಸರಿಯಾದ ದಾರಿಯಲ್ಲಿದ್ದೇವೆಂದು ಅರ್ಥ.

ಸ್ಪೊಡುಮೀನ್ ನೋಡಲು ಫೆಲ್ಡ್‌ಸ್ಪಾರಿನಂತೆಯೇ ಬೆಳ್ಳಗಿರುವುದರಿಂದ ಹೊಸಬರು ಮೋಸಹೋಗುವುದುಂಟು. ಕೈಯಲ್ಲಿ ತೂಗಿ ನೋಡಿದರೆ ಸ್ಪೊಡುಮೀನ್ ಹೆಚ್ಚು ತೂಕ. ಒಡೆದರೆ ಉದ್ದುದ್ದ ಚಕ್ಕೆಯಾಗಿ ಸೀಳುವುದು. ಹೊಲದಲ್ಲಿಯೇ ಕಲ್ಲಿಗೆ ಹಿಡಿದು ಧಾತುಗಳನ್ನು ತೋರಿಸುವ ಕ್ಷಕಿರಣದ ಕೈಯಂತ್ರಗಳು ಈಗ ಬಂದಿವೆ. ಆದರೆ ಲೀಥಿಯಂ ಬಹು ಹಗುರವಾದ ಧಾತುವಾದ್ದರಿಂದ ಆ ಯಂತ್ರಕ್ಕೆ ಕಾಣಿಸುವುದೇ ಇಲ್ಲ! ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸಿ ಕಾಯಬೇಕು. ಆಮೇಲೆ ಕಂದಕ ತೋಡಬೇಕು. ಕೊಳವೆ ಕೊರೆದು ಆಳದ ಕಲ್ಲನ್ನು ದಂಡದಂತೆ ಹೊರತೆಗೆದು ಪರೀಕ್ಷಿಸಬೇಕು. ಮೇಲೆ ದಪ್ಪವಾಗಿ ಕಂಡ ಪಟ್ಟಿ ಕೆಳಗೆ ನೂಲಿನಂತೆ ಸಣ್ಣಗಾಗಿ ಮಾಯವಾಗುವುದೂ ಉಂಟು.

ಸರ್ಕಾರ ಈ ಶೋಧನೆಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದೆ. ಜಿ-4 ಎಂದರೆ ಮೇಲುನೋಟ. ಜಿ-3 ಎಂದರೆ ಪ್ರಾಥಮಿಕ ಶೋಧ. ಜಿ-2 ಎಂದರೆ ಸಾಮಾನ್ಯ ಶೋಧ. ಜಿ-1 ಎಂದರೆ ವಿವರವಾದ ಶೋಧ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಸಾಲದ ಅರ್ಜಿ ಬಂದದ್ದು, ಕಾಗದಪತ್ರ ಪರಿಶೀಲಿಸಿದ್ದು, ಮಂಜೂರಾದದ್ದು, ಹಣ ಖಾತೆಗೆ ಬಂದದ್ದು, ಇವು ನಾಲ್ಕೂ ಬೇರೆ ಬೇರೆ. ಅರ್ಜಿ ಕೊಟ್ಟ ದಿನವೇ ಮನೆ ಕಟ್ಟಲು ಮೇಸ್ತ್ರಿಗೆ ಮುಂಗಡ ಕೊಡುವವನನ್ನು ನಾವು ಜಾಣನೆನ್ನುವುದಿಲ್ಲ.

ಮಂಡ್ಯದ ಎರಡು ಅಂಕಿಗಳು

2020ರ ಫೆಬ್ರವರಿಯಲ್ಲಿ ಪತ್ರಿಕೆಗಳಿಗೆ ಬಂದದ್ದು ಒಂದು ಸಂಶೋಧನ ಪ್ರಬಂಧದ ಅಂಕಿ. ಅರ್ಧ ಕಿಲೋಮೀಟರು ಅಗಲ, 5 ಕಿಲೋಮೀಟರು ಉದ್ದದ ನೆಲದಲ್ಲಿ 30,300 ಟನ್ ಲೀಥಿಯಂ ಆಕ್ಸೈಡ್, ಎಂದರೆ ಸುಮಾರು 14,100 ಟನ್ ಲೀಥಿಯಂ ಲೋಹ ಇರಬಹುದೆಂದು ಅದರಲ್ಲಿ ಅಂದಾಜು ಮಾಡಿದ್ದರು. ಬರೆದವರು ಅಂದಾಜು ಎಂದೇ ಹೇಳಿದ್ದರು. ಚಿಲಿ ದೇಶದಲ್ಲಿ 86 ಲಕ್ಷ ಟನ್ ಇರುವುದೆಂಬ ಹೋಲಿಕೆಯೂ ಆ ಸುದ್ದಿಗಳಲ್ಲಿಯೇ ಇತ್ತು. ಆದರೆ ಅಂದಾಜು ಎಂಬ ಪದವನ್ನು ಓದುವ ತಾಳ್ಮೆ ಯಾರಿಗಿತ್ತು?

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಉತ್ತರ ಕೊಟ್ಟಿತು. ನಿರ್ದೇಶನಾಲಯವು ನೆಲದ ಮೇಲೆಯೂ, ಮಿತವಾಗಿ ನೆಲದೊಳಗೂ ನಡೆಸಿದ ಶೋಧದಿಂದ, ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟುಗಳಲ್ಲಿ 1,600 ಟನ್ ಲೀಥಿಯಂ ಇರುವುದಾಗಿ ಊಹಿತ ವರ್ಗದಲ್ಲಿ ಕಂಡುಬಂದಿದೆ ಎಂದು ಅದರ ಸಾರಾಂಶ. ಮೊದಲಿನ ಅಂಕಿಯ ಒಂಬತ್ತರಲ್ಲಿ ಒಂದು ಪಾಲಿನಷ್ಟು! ಈ 1,600 ಟನ್ ಪೂರ್ತಿ ಕೈಗೆ ಬಂದರೂ, ಕಾರಿಗೆ 8 ಕಿಲೋ ಹಿಡಿದರೆ 2 ಲಕ್ಷ ಕಾರುಗಳಿಗೆ ಸಾಕಾಗುವುದು. ಪೂರ್ತಿ ಕೈಗೆ ಬರುವುದಂತೂ ಇಲ್ಲ. ಕಲ್ಲನ್ನು ಒಡೆದು, ಪುಡಿಮಾಡಿ, ಸ್ಪೊಡುಮೀನನ್ನು ಬೇರ್ಪಡಿಸಿ, 1,000 ಡಿಗ್ರಿಗೂ ಮೀರಿದ ಶಾಖದಲ್ಲಿ ಹುರಿದು, ಗಂಧಕಾಮ್ಲದಲ್ಲಿ ಬೇಯಿಸಿದ ಮೇಲೆ ಲೀಥಿಯಂ ಲವಣ ದೊರೆಯುವುದು. ಪ್ರತಿ ಹೆಜ್ಜೆಯಲ್ಲಿಯೂ ಸ್ವಲ್ಪ ನಷ್ಟ. ಕಾವೇರಿ ತೀರದ ಬೇಸಾಯದ ನಡುವೆ ಇಷ್ಟನ್ನೆಲ್ಲ ಮಾಡುವುದಾದರೆ ನೀರಿಗೆ, ನೆಲಕ್ಕೆ ಏನಾಗುವುದೆಂಬ ಪ್ರಶ್ನೆಯೂ ಈ ಲೆಕ್ಕದಲ್ಲಿ ಸೇರಬೇಕು.

ಇಂಥದೇ ಮತ್ತೊಂದು ಉದಾಹರಣೆ ಜಮ್ಮು ಪ್ರಾಂತದ ರಿಯಾಸಿಯದು. 2023ರ ಫೆಬ್ರವರಿಯಲ್ಲಿ ಅಲ್ಲಿ 59 ಲಕ್ಷ ಟನ್ನಿನ ಊಹಿತ ನಿಕ್ಷೇಪವಿದೆಯೆಂದು ಪ್ರಕಟವಾದಾಗ ದೇಶವೆಲ್ಲ ಸಂಭ್ರಮಿಸಿತು. ಅದು ಪೆಗ್ಮಟೈಟ್ ಅಲ್ಲ; ಜೇಡಿಯಂಥ ಬೇರೆ ಬಗೆಯ ನಿಕ್ಷೇಪ. ಹರಾಜಿಗೆ ಇಟ್ಟಾಗ ನಿಯಮದಂತೆ ಬೇಕಾದಷ್ಟು ಮಂದಿ ಮುಂದೆ ಬಾರದೆ, 2024ರ ಮಾರ್ಚಿನಲ್ಲಿ ಹರಾಜು ರದ್ದಾಯಿತು.

ಇಷ್ಟರಲ್ಲಿ ಕಾಯಿದೆಯೂ ಬದಲಾಗಿದೆ. ಲೀಥಿಯಂ ಅಣು ಖನಿಜಗಳ ಪಟ್ಟಿಯಲ್ಲಿದ್ದುದರಿಂದ ಖಾಸಗಿಯವರು ಅದನ್ನು ಶೋಧಿಸುವಂತಿರಲಿಲ್ಲ. 2023ರಲ್ಲಿ ಗಣಿ ಕಾಯಿದೆಗೆ ತಿದ್ದುಪಡಿ ಮಾಡಿ, ಅದನ್ನೂ ಇನ್ನೈದು ಖನಿಜಗಳನ್ನೂ ಆ ಪಟ್ಟಿಯಿಂದ ತೆಗೆದರು. ಮುಂದೆ ಇನ್ನೂ ಅನೇಕ ಊರುಗಳಲ್ಲಿ ಶೋಧ ನಡೆಯುವುದು. ಇನ್ನೂ ಅನೇಕ ಚಿಕ್ಕಪ್ಪಂದಿರು ಫೋನು ಮಾಡುವರು.

ನನ್ನ ಲೆಕ್ಕದ ಮೂರು ತಪ್ಪುಗಳು

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ಅರ್ಧ ಕಿಲೋಮೀಟರಿಗೆ 5 ಕಿಲೋಮೀಟರು ಎಂದರೆ ಸುಮಾರು 617 ಎಕರೆ. 14,100 ಟನ್ನನ್ನು ಅದರಿಂದ ಭಾಗಿಸಿದರೆ ಎಕರೆಗೆ 23 ಟನ್ನಿನ ಹತ್ತಿರ. ಮೂವತ್ತು ಗುಂಟೆಗೆ 17 ಟನ್. ಅದನ್ನು ಪೇಟೆಯ ಧಾರಣೆಯಿಂದ ಗುಣಿಸಿದಾಗ ಬಂದ ಮೊತ್ತವನ್ನು ಇಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ. ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಬೇರೆ ಮೂರು ಕಡೆ.

ಒಂದನೆಯದು, ಚಿಕ್ಕಪ್ಪನ ಹೊಲ ಆ 617 ಎಕರೆಯ ಪಟ್ಟಿಯಲ್ಲಿ ಇರಲೇ ಇಲ್ಲ. ಅದರಿಂದ ಎರಡು ಊರು ಆಚೆಗಿತ್ತು. ಎರಡನೆಯದು, ಅಂದಾಜನ್ನು ನಾನು ಠೇವಣಿಯೆಂದು ಬಗೆದಿದ್ದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕರ್ನಾಟಕ ಭೂಕಂದಾಯ ಕಾಯಿದೆ, 1964ರ 70ನೆಯ ಪ್ರಕರಣದಂತೆ, ನೆಲದ ಕೆಳಗಿನ ಖನಿಜದ ಹಕ್ಕು, ಸರ್ಕಾರವೇ ಬೇರೆ ರೀತಿಯಾಗಿ ಬರೆದುಕೊಟ್ಟಿದ್ದ ಹೊರತು, ರಾಜ್ಯ ಸರ್ಕಾರಕ್ಕೆ ಸೇರಿದ್ದು. ಗಣಿ ಬಂದಿದ್ದರೂ ಚಿಕ್ಕಪ್ಪನಿಗೆ ಸಿಗುತ್ತಿದ್ದುದು ಮೇಲಿನ ನೆಲಕ್ಕೆ ಪರಿಹಾರವೇ ಹೊರತು, ಕೆಳಗಿನ ಲೋಹದ ಬೆಲೆಯಲ್ಲ. ಬಿ.ಕಾಂ. ಓದಿದವನಿಗೆ ಇಷ್ಟನ್ನು ವಿಚಾರಿಸಲು ಒಂದು ದಿನ ಸಾಕಾಗಿತ್ತು.

ಅವರು ನನ್ನ ಮಾತನ್ನು ನಂಬಿ ತಡೆದರು. ಮಾತನಾಡಿಕೊಂಡಿದ್ದ ಗಿರಾಕಿ ಬೇರೆ ಕಡೆ ಜಮೀನು ಕೊಂಡನು. 2021ರ ಯುಗಾದಿಯ ಹೊತ್ತಿಗೆ ಹಳೆಯ ಬೆಲೆಗೇ ಮತ್ತೊಬ್ಬನಿಗೆ ಮಾರಿದ್ದಾಯಿತು. ಹದಿನಾಲ್ಕು ತಿಂಗಳ ಬಡ್ಡಿ, ತಿಂಗಳಿಗೆ 6,000ದಂತೆ, 84,000 ರೂಪಾಯಿ. ಅದರಲ್ಲಿ ಅರ್ಧವನ್ನಾದರೂ ನಾನು ಕೊಡುತ್ತೇನೆಂದಾಗ ಅವರು ತೆಗೆದುಕೊಳ್ಳಲಿಲ್ಲ. ಊರಿಗೆ ಹೋಗಿದ್ದಾಗ ಜಗಲಿಯ ಮೇಲೆ ಕುಳಿತು, ನಗುತ್ತಲೇ ಒಂದು ಮಾತು ಹೇಳಿದರು:

“ಲೆಕ್ಕ ಬರಿಯೋನು ನೀನು, ಬಡ್ಡಿ ಕಟ್ಟೋನು ನಾನು ಕಣಪ್ಪಾ. ಅದ್ಕೇ ಇನ್ಮ್ಯಾಲೆ ನೀನು ಎಲ್ಡು ಸಲ ಲೆಕ್ಕ ಮಾಡು.”

ಹೊರನಾಡಿನಲ್ಲಿ ನೆಲಸಿರುವ ನಾವೆಲ್ಲರೂ ಊರಿನವರ ಕಣ್ಣಿಗೆ ಓದಿದವರು, ಲೋಕ ಕಂಡವರು. ಜಮೀನು ಮಾರುವಾಗ, ಮಗನನ್ನು ಕಾಲೇಜಿಗೆ ಸೇರಿಸುವಾಗ, ಪತ್ರಿಕೆಯಲ್ಲಿ ದೊಡ್ಡ ಸುದ್ದಿ ಬಂದಾಗ ಅವರು ನಮ್ಮನ್ನು ಕೇಳುತ್ತಾರೆ. ನಾವು ಇಲ್ಲಿ ಫ್ಯಾನಿನ ಕೆಳಗೆ ಕುಳಿತು ಉತ್ತರ ಕೊಡುತ್ತೇವೆ. ಫಲವನ್ನು ಅಲ್ಲಿ ಅವರು ಉಣ್ಣುತ್ತಾರೆ. ತಾಯ್ನಾಡಿನ ನೆಲದಲ್ಲಿ ಸಂಪತ್ತಿದೆಯೆಂದು ಕೇಳಿದಾಗ ಹೆಮ್ಮೆಪಡುವುದು ಸಹಜ, ಯೋಗ್ಯವೂ ಹೌದು. 1,600 ಟನ್ನೂ ಊಹಿತವೇ ಆದರೂ ಕೇವಲ ಗಾಳಿಮಾತಲ್ಲ. ಬಿಸಿಲಿನಲ್ಲಿ ಕಲ್ಲು ಕುಟ್ಟುತ್ತ ನಡೆದ ಜನರ ಶ್ರಮ ಅದರ ಹಿಂದಿದೆ. ಆದರೆ ಆರ್ಫ್‌ವೆಡ್ಸನ್ ಕಂಡ ದಾರಿಯೇ ನಮಗೂ ದಾರಿ. ಲೆಕ್ಕ ತಾಳೆಯಾಗುವ ತನಕ ಅವನು ಸಿಕ್ಕಿತೆನ್ನಲಿಲ್ಲ.

ಮೊನ್ನೆ ಊರಿನಿಂದ ಬರುವಾಗ ಚಿಕ್ಕಪ್ಪ ನನ್ನ ಮಗಳ ಕೈಗೆ ಹೊಲದ ಬದುವಿನ ಒಂದು ಬಿಳಿಗಲ್ಲನ್ನು ಕೊಟ್ಟರು. ಅದರಲ್ಲಿ ಕಾಗೆಬಂಗಾರ ಮಿಂಚುತ್ತದೆ. ಅದು ಈಗ ನಮ್ಮ ಮನೆಯಲ್ಲಿ, ನಾನು ಲೆಕ್ಕ ಬರೆಯುವ ಮೇಜಿನ ಮೇಲೆ, ಕಾಗದಗಳು ಹಾರದಂತೆ ಒತ್ತಿಕೊಂಡು ಕುಳಿತಿದೆ. ಇದರಲ್ಲಿ ಲೀಥಿಯಂ ಇದೆಯೇ ಎಂದು ಮಗಳು ಕೇಳುತ್ತಾಳೆ. ಪರೀಕ್ಷೆ ಮಾಡಿಸದೆ ಹೇಳಬಾರದು ಮಗು, ಎನ್ನುತ್ತೇನೆ.